ಸಿನಿಮಾದಲ್ಲಿ ಇಲ್ಲದವಳು

ಯಾದಗಿರಿ,
ಪಾರ್ಥಿವ ಸಂವತ್ಸರ, ಮಾಘ ಶುದ್ಧ ದಶಮಿ, ಸೋಮವಾರ

ಹೈದರಾಬಾದಿನಲ್ಲಿರುವ ನಮ್ಮ ಮನೆಯವರಿಗೆ ಕಲ್ಯಾಣಮ್ಮನ ಶರಣು ಶರಣಾರ್ಥಿ.

ಮೊದಲು ನಿಮ್ಮ ಮೈ ಹೇಗಿದೆ ಎಂದು ಬರೆಯಿರಿ. ಹೋಗುವಾಗ ಹತ್ತಿದ್ದ ಕೆಮ್ಮು ಬಿಟ್ಟಿತೋ ಇಲ್ಲವೋ? ಮೆಣಸು ಬೆಲ್ಲ ಕುಟ್ಟಿ ಡಬ್ಬಿಯಲ್ಲಿ ಹಾಕಿಕೊಟ್ಟಿದ್ದೆ, ಅದು ಇನ್ನೂ ಹಾಗೇ ಇರುತ್ತದೆ ಎಂದು ನನಗೆ ಗೊತ್ತು. ಅಂಗಡಿಯ ಮಾಳಿಗೆಯ ಮೇಲೆ ಮಲಗುತ್ತೇನೆ ಎಂದು ಬರೆದಿದ್ದಿರಿ. ಗಾಳಿ ಬೀಸಿದರೆ ಕಿವಿಗೆ ಅರಿವೆ ಕಟ್ಟಿಕೊಳ್ಳಿ, ಯಾರು ನೋಡಿ ನಗುತ್ತಾರೆ ಅಲ್ಲಿ? ಇಲ್ಲಿ ಎಲ್ಲರೂ ಕ್ಷೇಮ. ಅತ್ತೆಯ ಮೊಣಕಾಲು ಬೆಳಿಗ್ಗೆ ನೋಯುತ್ತದೆ, ಬಿಸಿಲೇರಿದ ಮೇಲೆ ಅವರಿಗೆ ಅದು ಮರೆತುಹೋಗುತ್ತದೆ. ಎಮ್ಮೆ ಈದಿದೆ, ಹೆಣ್ಣು ಕರು. ಗಿಣ್ಣ ತಿನ್ನುವಾಗ ನಿಮ್ಮನ್ನು ನೆನೆದೆವು. ಕ್ಷೇಮಸಮಾಚಾರ ಇಷ್ಟೇ. ಮುಂದಿನದನ್ನು ಒಬ್ಬರೇ ಕೂತು ಓದಿ. ಎದುರಿಗೆ ಗಿರಾಕಿಗಳಿದ್ದರೆ ಮಡಚಿ ಜೇಬಿಗೆ ಹಾಕಿಕೊಳ್ಳಿ.

ಸಾಹುಕಾರರ ಶೇಂಗಾ ವ್ಯವಹಾರಕ್ಕೆಂದು ನೀವು ರೈಲು ಹತ್ತಿದಿರಿ, ಸಂಕ್ರಾಂತಿ ಕಳೆಯುತ್ತಲೇ ಸ್ಟೇಶನ್ನಿನ ಹಿಂದಿನ ಬಯಲಿನಲ್ಲಿ ಟೆಂಟ್ ಸಿನಿಮಾ ಬಂದು ಕೂತಿತು. ಶಿವರಾತ್ರಿವರೆಗೆ ಇಲ್ಲಿರುತ್ತದಂತೆ, ಆಮೇಲೆ ಹೊಳೆ ದಾಟಿ ಶಹಾಪುರ, ಅಲ್ಲಿಂದ ನನ್ನ ತವರು ಸುರಪುರ. ಬಂಡಿಯ ಎರಡೂ ಕಡೆ ಬಣ್ಣದ ಪಟ ಕಟ್ಟಿಕೊಂಡು ಹಲಗೆ ಬಡಿಯುತ್ತ ನಮ್ಮ ಓಣಿಗೂ ಬಂದರು. ಬಾಗಿಲಿಗೆ ಬಂದು ನೋಡುತ್ತೇನೆ, ನೀವು ರಾಯಚೂರಿನಲ್ಲಿ ನೋಡಿ ಬಂದು ನನಗೆ ಹೇಳಿದ್ದ ನವಾಬನ ಮಗಳ ಸಿನಿಮಾ. ಪಟದೊಳಗಿನಿಂದ ಆಕೆ ದೊಡ್ಡ ನತ್ತು ಇಟ್ಟುಕೊಂಡು ನನ್ನನ್ನೇ ನೋಡಿ ನಗುತ್ತಿದ್ದಳು. ಇರು, ನಿನ್ನನ್ನು ಒಂದು ಕೈ ನೋಡೇ ಬಿಡುತ್ತೇನೆ ಎಂದುಕೊಂಡೆ.

ಅಲ್ಲರೀ, ಆ ಸಿನಿಮಾದವಳ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚಿತ್ತು ಎಂದು ನಿಮಗೆ ಗೊತ್ತೇ ಇಲ್ಲ. ತಿಂಗಳಿಗೊಮ್ಮೆ ಮಾಲಿನ ಜೊತೆ ರಾಯಚೂರಿಗೆ ಹೋದರೆ ಸಿನಿಮಾ ನೋಡದೆ ನೀವು ತಿರುಗಿ ಬಂದದ್ದಿಲ್ಲ. ಬಂದ ದಿನ ಉಂಡು, ನಾನು ಶೇಂಗಾ ಸುಲಿಯುತ್ತ ಕೂತರೆ, ಗೋಡೆಗೆ ಒರಗಿ ಕಥೆ ಶುರು ಮಾಡುತ್ತಿದ್ದಿರಿ. ಬೇರೆ ದಿನ ನಿಮ್ಮ ಬಾಯಿಂದ ಒಂದು ಮಾತು ಹೊರಡಿಸಬೇಕಾದರೆ ಇಕ್ಕಳ ಹಾಕಿ ಎಳೆಯಬೇಕು. ಅವತ್ತು ಮಾತ್ರ ನಿಲ್ಲಿಸುತ್ತಿರಲಿಲ್ಲ. ಕಣ್ಣು ನನ್ನ ಮೇಲೆ ಇರುತ್ತಿರಲಿಲ್ಲ, ಜಂತಿಯ ಮೇಲೆ ಇರುತ್ತಿತ್ತು. ನವಾಬನ ಮಗಳು ಗಂಡನ ತಾಟಿಗೆ ಹಸಿಮೆಣಸಿನಕಾಯಿ ಇಡುವ ಮುಂಚೆ ತುದಿ ಕಚ್ಚಿ ನೋಡುತ್ತಾಳೆ, ಖಾರದ್ದನ್ನು ತಾನು ತಿಂದು ಸಪ್ಪನೆಯದನ್ನು ಅವನಿಗೆ ಕೊಡುತ್ತಾಳೆ ಎಂದಿರಿ. ಬಂಗಲೆಯ ಸಿನಿಮಾದವಳು ಮಲಗುವಾಗ ಕಂದೀಲಿನ ಬತ್ತಿ ಇಳಿಸುತ್ತ ‘ನಾಳಿ ಬಾರವ್ವ’ ಎಂದು ಅದಕ್ಕೆ ಕೈಮುಗಿಯುತ್ತಾಳೆ ಎಂದಿರಿ. ಉರ್ದು ಸಿನಿಮಾದವಳು ಕನ್ನಡ ಹೇಗೆ ಆಡಿದಳು ಎಂದು ಕೇಳುವಷ್ಟು ಬುದ್ಧಿಯೂ ನನಗೆ ಆಗ ಹುಟ್ಟಲಿಲ್ಲ.

ಇನ್ನೊಂದು ಸಿನಿಮಾದ ಕಥೆ ಹೇಳಿದ ದಿನ ಚೆನ್ನಾಗಿ ನೆನಪಿದೆ. ಅದರಲ್ಲಿ ತವರಿಗೆ ಹೋದವಳಿಗೆ ಜ್ವರ ಬರುತ್ತದೆ, ಬಂಡಿಯಲ್ಲಿ ಮಲಗಿಸಿಕೊಂಡು ಹೊಳೆಯ ದಡದವರೆಗೆ ತರುತ್ತಾರೆ. ಹೊಳೆ ತುಂಬಿದೆ, ಹರಗೋಲು ಬಿಡುವುದಿಲ್ಲ. ಗಂಡ ಈ ದಡದಲ್ಲಿ, ಆಕೆ ಆ ದಡದಲ್ಲಿ. ಬಂಡಿಯೊಳಗಿನಿಂದ ಸೆರಗು ಬೀಸುತ್ತಾಳೆ, ಆಮೇಲೆ ಬೀಸುವುದು ನಿಲ್ಲುತ್ತದೆ. ಅಷ್ಟು ಹೇಳಿ ನೀವು ಅಂಗಳಕ್ಕೆ ಹೋಗಿ ಮುಖ ತೊಳೆದುಕೊಂಡಿರಿ. ನಾನೂ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಆದರೆ ಒಳಗೆ ಏನು ಕುದಿಯುತ್ತಿತ್ತು ಗೊತ್ತೇ? ಪರದೆಯ ಮೇಲಿನವಳಿಗೆ ಇಷ್ಟು ಅಳುವ ಗಂಡಸು ನಾನು ಹೋದರೆ ಇದರಲ್ಲಿ ಅರ್ಧವಾದರೂ ಅತ್ತಾನೆಯೇ ಎಂದು.

ಅದಕ್ಕೇ ನಾನು ಆ ಸಿನಿಮಾದವರ ಹಾಗೆ ಮಾಡತೊಡಗಿದೆ. ನಗಬೇಡಿ. ಮೆಣಸಿನಕಾಯಿಯ ತುದಿ ಕಚ್ಚಿ ನೋಡಿ ನಿಮ್ಮ ತಾಟಿಗೆ ಇಟ್ಟೆ. ಬಾಯಿ ಉರಿದು ನೀರು ಕುಡಿದದ್ದನ್ನೂ ಮುಚ್ಚಿಟ್ಟೆ. ನೀವು ತುತ್ತು ಹಿಡಿದವರು ಹಾಗೇ ಕೂತಿರಿ, ಆಮೇಲೆ ತಲೆ ತಗ್ಗಿಸಿ ಉಂಡಿರಿ. ಕಂದೀಲಿಗೆ ‘ನಾಳಿ ಬಾರವ್ವ’ ಎಂದ ದಿನ ಗೋಡೆಯ ಕಡೆ ಹೊರಳಿ ಮಲಗಿದಿರಿ. ಸಿನಿಮಾದವಳಷ್ಟು ಚೆಂದ ನನಗೆ ಬರಲಿಲ್ಲವೇನೋ ಎಂದು ಮತ್ತೆ ಮತ್ತೆ ಅಂದೆ. ಅಂದು ಅಂದು ಅದೇ ರೂಢಿಯಾಯಿತು.

ಗೊಲ್ಲಾಳಮ್ಮನ ಮೇಲೆ ಮಾತ್ರ ನನಗೆ ಯಾವ ಸಿಟ್ಟೂ ಇರಲಿಲ್ಲ. ತೀರಿಕೊಂಡ ಆಕೆಯ ಜಾಗಕ್ಕೆ ಎರಡನೆಯ ಹೆಂಡತಿಯಾಗಿ ಬಂದವಳು ನಾನು, ಆಕೆ ಮುನಿಯದಿರಲಿ ಎಂದು ತಾಳಿ ಕಟ್ಟಿದ ದಿನವೇ ಆಕೆಯ ಹೆಸರಿನ ಬೆಳ್ಳಿಯ ಬಿಲ್ಲೆಯನ್ನೂ ನನ್ನ ಕೊರಳಿಗೆ ಹಾಕಿದರು. ಹೊಸ ಸೀರೆ ಬಂದರೆ ಮೊದಲು ಆಕೆಯ ಹೆಸರಿಗೆ ಇಟ್ಟು ಆಮೇಲೆ ಉಟ್ಟೆ. ನೀವು ಆಕೆಯ ಹೆಸರನ್ನು ಒಂದು ದಿನವೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಬಿಲ್ಲೆಯ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ? ಮೈ ತೊಳೆಯುವಾಗ ಅದನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳ್ಳಗೆ ಇಟ್ಟುಕೊಂಡಿದ್ದೆ.

ಸಿನಿಮಾಕ್ಕೆ ಅತ್ತೆ ಬರಲಿಲ್ಲ. ಆ ಬೆಳಕಿನಲ್ಲಿ ಕಣ್ಣು ಹೋಗುತ್ತವಂತೆ. ಆದರೆ ನೋಡಿ ಬಂದು ಕಥೆ ಹೇಳಬೇಕು ಎಂದು ಕರಾರು ಮಾಡಿ ಕಳಿಸಿದರು. ಪಕ್ಕದ ಮನೆಯ ಸುಗರಾಬಿಯ ಗಂಡ ಹಸನಸಾಬರ ಟಾಂಗಾ ಇದ್ದೇ ಇದೆ. ಪ್ರತಿ ಶುಕ್ರವಾರ ಸಿನಿಮಾ ಬದಲಾಗುತ್ತದೆ, ಆ ದಿನ ಬಂದರೆ ನನ್ನ ಕೈಗಳಿಗೂ ಕಾಲು ಬಂದಂತಾಗುತ್ತಿತ್ತು. ಹಿಟ್ಟು ಬೀಸಿ, ರೊಟ್ಟಿ ಬಡಿದು, ಎಮ್ಮೆ ಹಿಂಡಿ, ಕೈಗೆ ಹತ್ತಿದ ಹಿಟ್ಟನ್ನು ಟಾಂಗಾದಲ್ಲೇ ಉಜ್ಜಿಕೊಳ್ಳುತ್ತ ಹೋದದ್ದೂ ಉಂಟು. ಹೊಳೆಯ ಮರಳು ಹಾಸಿದ್ದಾರೆ, ಹೆಂಗಸರ ಕಡೆಗೆ ಗೋಣಿತಟ್ಟಿನ ಮರೆ ಕಟ್ಟಿದ್ದಾರೆ. ಎಂಜಿನ್ನು ಗಡಗಡ ಎನ್ನುತ್ತ ನಡುನಡುವೆ ನಿಲ್ಲುತ್ತದೆ, ಆಗ ಮಕ್ಕಳೆಲ್ಲ ಒಟ್ಟಿಗೇ ಅಳುತ್ತವೆ. ಮಾತು ತಿಳಿಯದಿದ್ದಲ್ಲಿ ಸುಗರಾಬಿ ಕಿವಿಯಲ್ಲಿ ಹೇಳುತ್ತಾಳೆ, ಹೇಳುತ್ತ ಹೇಳುತ್ತ ಅವಳೇ ಅತ್ತುಬಿಡುತ್ತಾಳೆ. ಬೆಳ್ಳಗಿನ ಆ ಹೆಂಗಸರು ನಾಲ್ಕಾಳು ಎತ್ತರ ಎದ್ದು ನಿಂತಾಗ ನಾನು ಕತ್ತಲಲ್ಲೇ ಸೆರಗು ಸರಿಮಾಡಿಕೊಂಡೆ. ಇಂಥವರನ್ನು ನೋಡಿ ಬಂದ ಕಣ್ಣಿಗೆ ಒಲೆಯ ಮುಂದೆ ಕೂತ ನಾನು ಏನು ಕಂಡೇನು ಎಂದು ಸಂಕಟವಾಯಿತು.

ನವಾಬನ ಮಗಳ ಊಟ ಬಂತು. ಬೆಳ್ಳಿಯ ತಾಟು, ಬೀಸಣಿಕೆ ಬೀಸುವವರು ಇಬ್ಬರು. ಮೆಣಸಿನಕಾಯಿಗೆ ಕಾದೆ ಕಾದೆ, ಬರಲಿಲ್ಲ. ಸಿನಿಮಾದ ಆ ತುಂಡು ಕತ್ತರಿಸಿ ಹಾರಿಸಿದ್ದಾರೆ ಎಂದುಕೊಂಡು ಹೊರಗೆ ಬರುವಾಗ ಸುಗರಾಬಿಯಿಂದ ಟೆಂಟಿನವನನ್ನು ಕೇಳಿಸಿದೆ. ಆತ ಆಣೆ ಮಾಡಿ ಎಲ್ಲ ತೋರಿಸಿದ್ದೇವೆ ಎಂದ. ಮರುವಾರ ಬಂಗಲೆಯ ಸಿನಿಮಾ. ಅಲ್ಲಿ ಕಂದೀಲೇ ಇಲ್ಲ, ಮನೆ ತುಂಬ ಕರೆಂಟಿನ ದೀಪ! ಆಗ ನನಗೆ ಹೊಳೆಯಿತು. ಇವನ್ನೆಲ್ಲ ನನ್ನ ಸಲುವಾಗಿ ನೀವೇ ಕಟ್ಟಿ ಹೇಳಿದ್ದೀರಿ. ಮಾತು ಬರದ ನನ್ನ ಗಂಡ ಒಳಗೆ ಎಂಥ ಕವಿ ಎಂದು ದಾರಿಯುದ್ದಕ್ಕೂ ನಕ್ಕೆ. ನನ್ನಂಥ ಭಾಗ್ಯವಂತೆ ಯಾದಗಿರಿಯಲ್ಲಿ ಇಲ್ಲ ಎಂದುಕೊಂಡು ಮಾರನೆಯ ದಿನ ಶೇಂಗಾ ಹೋಳಿಗೆಗೆ ಕಣಕ ನಾದಿದೆ.

ಹೋಳಿಗೆ ಲಟ್ಟಿಸುತ್ತಲೇ ಅತ್ತೆಗೆ ಕಥೆ ಹೇಳಿದೆ. ನೋಡ್ರಿ ನಿಮ್ಮ ಮಗನ ಬೆರಕಿತನ, ಇಲ್ಲದ ಕಂದೀಲು ಇಟ್ಟು, ಇಲ್ಲದ ಮಾತು ಆಡಿಸಿ ನನ್ನನ್ನು ನಂಬಿಸಿದ್ದಾರೆ ಎಂದು ಮೆಣಸಿನಕಾಯಿಯದನ್ನೂ ಸೇರಿಸಿ ನಕ್ಕೆ. ಅತ್ತೆ ಕಟ್ಟುತ್ತಿದ್ದ ಹೂರಣದ ಉಂಡೆಯನ್ನು ತಾಟಿಗೆ ಇಟ್ಟರು.

“ಅದು ಸಿನಿಮಾದಾಗಿಂದಲ್ಲವ್ವ ಕಲ್ಯಾಣಿ,” ಎಂದರು. “ಗೊಲ್ಲಾಳಮ್ಮ ಹಂಗ ಅಂತಿದ್ದಳು ಕಂದೀಲಿಗಿ. ಮೆಣಸಿನಕಾಯಿನೂ ಆಕೀದ. ನೀ ಹಂಗ ಮಾಡಾಕ ಹತ್ತಿದ ದಿನಾನ ನಾ ತಿಳಕೊಂಡೆ, ಆಕಿ ನಿನ್ನ ಮೈಯಾಗ ಬಂದು ಕುಂತಾಳ ಅಂತ.”

ನನಗೆ ಹೇಗಾಗಿರಬೇಕು ಹೇಳಿ. ಹೊಳೆಯ ದಡದ ಕಥೆಯನ್ನೂ ಹೇಳಿ, ಅದೂ ಆಕೆಯದೇ ಎಂದು ಕೇಳಿದೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ದೋರನಹಳ್ಳಿಯ ತವರಿನಿಂದ ಜ್ವರದಲ್ಲಿ ಇಲ್ಲಿಯ ದವಾಖಾನೆಗೆ ತರುವಾಗ ಭೀಮೆ ತುಂಬಿತ್ತಂತೆ. ನೀವು ಈ ದಡದಲ್ಲಿ ನಿಂತಿದ್ದಿರಂತೆ. ಇಷ್ಟು ವರ್ಷ ಜ್ವರದಿಂದ ತೀರಿಕೊಂಡಳು ಎಂದಷ್ಟೇ ನನಗೆ ಗೊತ್ತಿತ್ತು.

ಹೋಳಿಗೆ ಹಂಚಿನ ಮೇಲೆ ಸೀದುಹೋಯಿತು. ಸೀಯಲಿ ಎಂದು ಬಿಟ್ಟೆ. ಎಂಥ ಮೋಸ ಮಾಡಿದಿರಿ ನೀವು. ನಿಮ್ಮ ಮನಸ್ಸು ಸೆಳೆಯಲೆಂದು ಬಾಯಿ ಸುಟ್ಟುಕೊಂಡು ನಾನು ಮಾಡಿದ್ದು ಯಾರ ನಡತೆ? ನನ್ನ ಕೈಯಿಂದಲೇ ಆಕೆಯನ್ನು ದಿನಾ ನಿಮ್ಮ ಮುಂದೆ ತಂದು ನಿಲ್ಲಿಸಿದೆ. ಅತ್ತೆ ಹುಣ್ಣಿಮೆಗೊಮ್ಮೆ ನನ್ನ ಕೊರಳ ಬಿಲ್ಲೆಗೆ ಬೆಲ್ಲ ಮುಟ್ಟಿಸಿ ನನಗೆ ತಿನ್ನಿಸುತ್ತಿದ್ದರಲ್ಲ, ಸೊಸೆಯ ಮೇಲೆ ಎಷ್ಟು ಪ್ರೀತಿ ಎಂದು ಸುರಪುರದಲ್ಲೆಲ್ಲ ಹೇಳಿಕೊಂಡು ಬಂದಿದ್ದೆ. ಆ ಬೆಲ್ಲವೂ ಆಕೆಗೇ. ಬಿಲ್ಲೆಯನ್ನು ದಾರದಿಂದ ಬಿಚ್ಚಿ ತೊಗರಿಯ ಗಡಿಗೆಯ ತಳಕ್ಕೆ ತುರುಕಿದೆ. ಅತ್ತೆ ನನ್ನ ಬರಿ ಕೊರಳನ್ನು ನೋಡಿದರು. ಆವತ್ತಿನಿಂದ ಕಂದೀಲಿಗೆ ನಾನು ಏನೂ ಅನ್ನುವುದಿಲ್ಲ. ಬತ್ತಿ ಇಳಿಸಿ ಬಂದು ಮಲಗುತ್ತೇನೆ. ಅತ್ತೆ ಸ್ವಲ್ಪ ಹೊತ್ತು ಕಾಯುತ್ತಾರೆ, ಆಮೇಲೆ ತಾವೇ ಮೆಲ್ಲಗೆ ಅನ್ನುತ್ತಾರೆ.

ಹೋದ ಶುಕ್ರವಾರ ಹೊಳೆಯ ಸಿನಿಮಾ ಬಂತು. ಹೋಗಬಾರದು ಎಂದುಕೊಂಡವಳು ಹೋದೆ. ಹೊಳೆಯೇನೋ ಇದೆ, ಆದರೆ ಅದರಲ್ಲಿ ದೋಣಿ ಬಿಡುತ್ತ ಹಾಡುತ್ತಾರೆ. ಆಕೆಗೆ ಜ್ವರ ಬರಲಿಲ್ಲ, ನೆಗಡಿ ಕೂಡ ಬರಲಿಲ್ಲ. ಕೊನೆಗೆ ಓಲಗ ಊದಿಸಿಕೊಂಡು ಮದುವೆಯಾದಳು. ಹೆಂಗಸರೆಲ್ಲ ಚಪ್ಪಾಳೆ ಹೊಡೆದು ನಕ್ಕರು. ನನಗೆ ಮಾತ್ರ ಆ ದಡದ ಬಂಡಿಯೇ ಕಂಡಿತು, ಅದರೊಳಗಿನಿಂದ ಬೀಸುವ ಸೆರಗು ಕಂಡಿತು. ಅತ್ತುಬಿಟ್ಟೆ.

ಸುಗರಾಬಿ ಗಾಬರಿಯಾಗಿ ಭುಜ ಹಿಡಿದಳು. “ಯಾಕವ್ವ ಅಳಾಕತ್ತಿ? ಅಲ್ಲಿ ಶಾದಿ ಆಗಾಕತ್ತೈತಿ ನೋಡು.”

ಅಷ್ಟು ಮಂದಿಯ ನಡುವೆ ಸವತಿಯ ಸಾವಿಗೆ ಅಳುತ್ತ ಕೂತವಳು ನಾನೊಬ್ಬಳೇ. ಅದೂ ಹೊಟ್ಟೆಕಿಚ್ಚಿನಿಂದ ಬೇಯುತ್ತ. ಟಾಂಗಾದಲ್ಲಿ ಸುಗರಾಬಿಗೆ ಎಲ್ಲ ಹೇಳಿದೆ. ಅವಳು, “ಸತ್ತಾಕಿ ಕೂಡ ಜಗಳಾ ತಗದ್ರ ಆಕಿ ಏನು ಜವಾಬು ಕೊಡ್ತಾಳ? ಇದ್ದಾನಲ್ಲ, ಅವಗ ಖತ್ ಬರಿ,” ಎಂದಳು. ಅಪ್ಪ ಕಲಿಸಿದ ನಾಲ್ಕಕ್ಷರ ಹೀಗೆ ಉಪಯೋಗಕ್ಕೆ ಬಂತು.

ಹಾಗಾಗಿ ಕೇಳಿ. ಇನ್ನು ಮುಂದೆ ಗೊಲ್ಲಾಳಮ್ಮನಿಗೆ ಸಿನಿಮಾದವರ ಸೀರೆ ಉಡಿಸಿ ನನ್ನ ಮುಂದೆ ತರಬೇಡಿ. ಹೆಸರು ಹಿಡಿದು ಹೇಳಿ. ಆಕೆ ಹೇಗೆ ನಗುತ್ತಿದ್ದಳು, ಯಾವುದಕ್ಕೆ ಮುನಿಸಿಕೊಳ್ಳುತ್ತಿದ್ದಳು, ಆ ದಡದಲ್ಲಿ ಎಷ್ಟು ಹೊತ್ತು ನಿಂತಿದ್ದಿರಿ, ಎಲ್ಲ ಹೇಳಿ. ನಾನು ಉರಿದುಕೊಂಡೇ ಕೇಳುತ್ತೇನೆ, ಆದರೆ ಕೇಳುತ್ತೇನೆ. ನನಗೆ ನೋವಾಗದಿರಲಿ ಎಂದೇ ನೀವು ಈ ದಾರಿ ಹಿಡಿದಿರಿ ಎಂದು ಅರ್ಥವಾಗುತ್ತದೆ. ಅರ್ಥವಾದರೆ ಉರಿ ಆರಬೇಕಲ್ಲ, ಆರಿಲ್ಲ. ತೀರಿಕೊಂಡವಳು ನಿಮ್ಮ ಎಲ್ಲ ಕಥೆಗಳಲ್ಲೂ ಓಡಾಡಿಕೊಂಡಿದ್ದಾಳೆ. ನಿಮ್ಮ ರೊಟ್ಟಿ ಬಡಿಯುವ ನಾನು ಒಂದರಲ್ಲೂ ಇಲ್ಲ. ನಾಳೆ ನಾನೂ ಹೋಗಿ, ನನ್ನ ಹೆಸರಿನ ಬಿಲ್ಲೆ ಕಟ್ಟಿಕೊಂಡು ಮೂರನೆಯವಳು ಬಂದರೆ, ಆಕೆಗೆ ಸಿನಿಮಾ ಹೇಳುವಾಗ ನನ್ನದೆಂದು ಏನು ಸೇರಿಸುತ್ತೀರಿ? ಕಂದೀಲು ಆಕೆಯದು, ಮೆಣಸಿನಕಾಯಿ ಆಕೆಯದು, ಹೊಳೆಯೂ ಆಕೆಯದು. ನನ್ನದು ಯಾವುದು ಎಂದು ಹುಡುಕಿ ಹುಡುಕಿ ಸೋತೆ.

ಬಿಲ್ಲೆಯನ್ನು ನಿನ್ನೆ ಗಡಿಗೆಯಿಂದ ತೆಗೆದು ಕಟ್ಟಿಕೊಂಡಿದ್ದೇನೆ. ಪ್ರೀತಿಯಿಂದ ಎಂದು ತಿಳಿಯಬೇಡಿ. ತೊಗರಿಯ ಧೂಳಿನಲ್ಲಿ ಒಬ್ಬಳೇ ಬಿದ್ದಿದ್ದಾಳೆ ಎನಿಸಿ ನಿದ್ದೆ ಬರಲಿಲ್ಲ, ಅದಕ್ಕೆ.

ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ, ಕೆಮ್ಮಿನ ಪುಡಿ ತಿನ್ನಬೇಕೆಂದು ಅವರದೂ ತಾಕೀತು. ಹಸನಸಾಬ, ಸುಗರಾಬಿ ಸಲಾಮು ಹೇಳಿದ್ದಾರೆ. ಶರಣಬಸವ ನಿಮ್ಮನ್ನು ಸುಖವಾಗಿ ಇಟ್ಟಿರಲಿ.

ಇಂತಿ ನಿಮ್ಮ,
ಬದುಕಿರುವ ಹೆಂಡತಿ,
ಕಲ್ಯಾಣಮ್ಮ

ತಾ.ಕ.: ಹಸನಸಾಬರು ಟಪಾಲು ಹಾಕಲು ಬಾಗಿಲಲ್ಲಿ ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಟೆಂಟ್ ಕೀಳುವ ಮುಂಚೆ ಇನ್ನೊಂದು ಸಿನಿಮಾ ಇದೆ, ನೀವು ನೋಡಿಲ್ಲದ್ದು. ಹೈದರಾಬಾದಿನಲ್ಲಿ ಅದು ನಿಮ್ಮ ಅಂಗಡಿಯ ಎದುರಿಗೇ ನಡೆದರೂ ನೋಡಕೂಡದು, ನನ್ನ ಆಣೆ. ಶಿವರಾತ್ರಿಗೆ ಬನ್ನಿ. ನೀವು ಶೇಂಗಾ ಸುಲಿಯುತ್ತ ಕೂಡ್ರಿ, ಗೋಡೆಗೆ ಒರಗಿ ನಾನು ಹೇಳುತ್ತೇನೆ. ನಡುವೆ ಒಬ್ಬ ಹೆಂಗಸು ಬರುತ್ತಾಳೆ, ಸಿನಿಮಾದಲ್ಲಿ ಇಲ್ಲದವಳು. ಆಕೆ ಯಾರೆಂದು ನಾನು ಹೇಳುವುದಿಲ್ಲ. ನೀವು ಗುರುತು ಹಿಡಿಯಬೇಕು.