ಸೋಮವಾರದ ಸೂಜಿ

ವಿಶಾಖಾ,

ಕಾಲೇಜಿಗೆ ನಾ ಒಬ್ಬಾಕೀನೇ ಹುಮನಾಬಾದ ಬಸ್ ಹಿಡೀತೇನಿ, ನಿನ್ನ ಎಬ್ಬಸಿಲ್ಲ. ರೊಟ್ಟಿ ಮುಚ್ಚಿಟ್ಟೇನಿ, ಪಲ್ಯಾ ಬಿಸಿ ಮಾಡ್ಕೋ.

ಅವ್ವ ಹುಡಕಾಕತ್ತಿದ್ದ ಬೀಟ್‌ರೂಟ್ ಎಲ್ಲಿ ಹೋಗ್ಯದ ಅಂತ ಗೊತ್ತಾತು. ಅದರ ಕೆಂಪು ನೀರು ನಿನ್ನ ದಿಂಬಿನ ಕೆಳಗಿನ ರಬ್ಬರ್ ನಳಿಗ್ಯಾಗ ಅದ. ಬಾಗಲಾ ಹಾಕ್ಕೊಂಡು, ಆ ನಳಿಗೀನ ನರ ಅಂತ ಚುಚ್ಚಿ ಚುಚ್ಚಿ ರಕ್ತ ತೆಗಿಯೂದು ಕಲ್ತೀ. ನಾ ಕಲಸು ಅಂತ ಕೇಳಿದ್ರ ಮಾತ್ರ "ನಂಗೂ ಬರಂಗಿಲ್ಲಕ್ಕ" ಅಂದಿ.

ನಿನ್ನೆ ಲ್ಯಾಬ್ ಪರೀಕ್ಷ್ಯಾಗ ಕೈ ನಡುಗಿ ನಾ ಫೇಲಾದಾಗ, ಬಾಜೂಕ ನಿಂತು ನೆಲಾ ನೋಡಿದಿ. ಸಾಕಾಗ್ಯದ ನನಗ. ಸೂಜಿ ಕಂಡ್ರ ಅಳು ಬರ್ತದ, ನನ್ನಿಂದ ಆಗೂದಿಲ್ಲ ಅನಸ್ತದ. ಆದ್ರೂ ನಿನಗ ಇನ್ನ ಕೈ ಮುಗ್ದು ಕೇಳೂದಿಲ್ಲ.

ಸೋಮವಾರ ಮತ್ತ ಪರೀಕ್ಷಾ ಅದ. ಜೋಡಿದಾರರ ತೋಳಿನಿಂದಲೇ ರಕ್ತ ತೆಗೀಬೇಕು. ನನ್ನ ಜೋಡಿ ನಿನ್ನ ಹೆಸರು ಬರಸೇನಿ.

ಸಂಜಿಗಿ ಕಲಸು, ಇಲ್ಲಾಂದ್ರ ಈ ನಡುಗೂ ಕೈಗೇ ತೋಳು ಕೊಡು.

ರತ್ನಮಾಲಾ