ಹವಾಲ್ದಾರ ಕಾಯುತ್ತಿದ್ದ

ಮನೆಯಿಂದ,
ಫೆಬ್ರವರಿ ೯, ಭಾನುವಾರ

ಪ್ರೀತಿಯ ಅತ್ತೆಯವರಿಗೆ ನಿಮ್ಮ ಸೊಸೆಯ ನಮಸ್ಕಾರ.

ಮಂಡಿ ನೋವು ಈಗ ಹೇಗಿದೆ? ನಾದಿನಿಯ ಮನೆಯ ಮೆಟ್ಟಿಲುಗಳನ್ನು ದಿನಕ್ಕೊಂದು ಸಲಕ್ಕಿಂತ ಹೆಚ್ಚು ಹತ್ತಿ ಇಳಿಯಬೇಡಿ. ಬಿಪಿ ಮಾತ್ರೆಯನ್ನು "ಇವತ್ತು ಚೆನ್ನಾಗೇ ಇದೀನಲ್ಲ" ಎಂದು ತಪ್ಪಿಸುವುದೂ ಬೇಡ; ನಿಮ್ಮ ಆ ಉಪಾಯ ನನಗೆ ಗೊತ್ತು. ನಾದಿನಿಯ ಮಗುವಿನ ಉಬ್ಬಸ ಕಡಿಮೆಯಾಯಿತೇ? ನಾನು ಚೆನ್ನಾಗಿದ್ದೇನೆ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇನೆ. ಫೋನಿನಲ್ಲಿ ನೀವು ಕೇಳುವ ಮೊದಲೇ ಇದನ್ನು ಹೇಳಿಬಿಡುತ್ತೇನೆ, ನೀವು "ನಾನೂ ಚೆನ್ನಾಗಿದೀನಮ್ಮ" ಅನ್ನುತ್ತೀರಿ, ಅಷ್ಟಕ್ಕೇ ಫೋನ್ ಇಟ್ಟುಬಿಡುತ್ತೇವೆ. ಅದಕ್ಕೇ ಈ ಕಾಗದ. ಹೇಳಬೇಕಾಗಿರುವುದು ಬೆಕ್ಕುಗಳ ವಿಷಯ. ನಗಬೇಡಿ. ಇಲ್ಲ, ನಕ್ಕುಬಿಡಿ, ನೀವು ನಕ್ಕದ್ದನ್ನು ಕೇಳಿ ಬಹಳ ದಿನವಾಯಿತು.

ಮೊದಲು ಮುಖ್ಯವಾದದ್ದು. ನಿಮ್ಮ ಹಾಸಿಗೆಯ ಮೇಲೆ ಉಚ್ಚೆ ಹೊಯ್ಯುತ್ತಿದ್ದದ್ದು ನಿಮ್ಮ ಬೆಕ್ಕು ಅಜ್ಜಿ ಅಲ್ಲ. ಪಾಪದ ಮುದುಕಿ, ಅದು ಅಂಥದ್ದೇನೂ ಮಾಡಿಲ್ಲ. ಮಾಡಿದ್ದು ನನ್ನ ಚುಕ್ಕಿ. ಮದುವೆಯಾಗಿ ಬರುವಾಗ ಬುಟ್ಟಿಯಲ್ಲಿ ಹೊತ್ತು ತಂದೆನಲ್ಲ, ಬಾಗಿಲು ಬಡಿದರೆ ಕಪಾಟಿನ ಮೇಲಕ್ಕೆ ಹಾರುವ ಆ ಪುಕ್ಕಲಿ, ಅದೇ. ನೀವು ಹೋಗುವ ದಿನ ಚೀಲದ ಜಿಪ್ ಎಳೆಯುತ್ತ, "ನನ್ನ ಬೆಕ್ಕಿಗೆ ವಯಸ್ಸಾಯ್ತು, ಬುದ್ಧಿ ನಿಲ್ತಿಲ್ಲ. ಇರೋ ದುಃಖದ ಮೇಲೆ ನಾವಿಬ್ರು ಮುದುಕಿಯರು ನಿನಗೆ ಯಾಕಮ್ಮ ಹೊರೆ" ಅಂದಿರಿ. ಮಗುವಿನ ಉಬ್ಬಸಕ್ಕೆ ಬೆಕ್ಕಿನ ಕೂದಲು ಆಗುವುದಿಲ್ಲವೆಂದು ಅಜ್ಜಿಯನ್ನು ಇಲ್ಲೇ ಬಿಟ್ಟು, ಅದರ ತಲೆ ಸವರದೆ, ತಿರುಗಿಯೂ ನೋಡದೆ ಹೊರಟಿರಿ. ತಿರುಗಿ ನೋಡಿದ್ದರೆ ಹೋಗುತ್ತಿರಲಿಲ್ಲ ಎಂದು ನನಗೆ ಆಗಲೇ ಅನ್ನಿಸಿತ್ತು.

ನೀವು ಹೋದ ಮೇಲೆ ಎಲ್ಲ ಸರಿಹೋಗಬೇಕಿತ್ತು, ಆಗಲಿಲ್ಲ. ಹೊಸಿಲ ಹತ್ತಿರದ ಕಾಲೊರಸು, ಸೋಫಾದ ಮೂಲೆ, ಮತ್ತೆ ನಿಮ್ಮ ಖಾಲಿ ಹಾಸಿಗೆ. ಲಾಂಡ್ರಿ ಅಂಗಡಿಯಲ್ಲಿ ಊರವರ ಬಟ್ಟೆಯ ಕಲೆ ತೆಗೆದು ಬಂದು ಮನೆಯಲ್ಲೂ ಅದೇ ಕೆಲಸಕ್ಕೆ ಕೂರುತ್ತಿದ್ದೆ. ಒಂದು ಸಂಜೆ ಬಂದು ನೋಡಿದರೆ, ಬಾಗಿಲ ಹಿಂದಿನ ಮೊಳೆಯಲ್ಲಿದ್ದ ಇವರ ಕೆಲಸದ ಜಾಕೆಟ್ ನೆಲಕ್ಕೆ ಬಿದ್ದಿತ್ತು. ಅದರ ಮೇಲೂ ಹೊಯ್ದಿತ್ತು. ಆ ದಿನ ಲಿಫ್ಟಿನ ರಿಪೇರಿ ಮಾಡುತ್ತಲೇ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲವಲ್ಲ, ಆಮೇಲೆ ಜೊತೆಯ ಮೆಕ್ಯಾನಿಕ್ ತಲೆ ತಗ್ಗಿಸಿಕೊಂಡು ತಂದುಕೊಟ್ಟ ಜಾಕೆಟ್. ಗ್ರೀಸು, ಬೆವರು, ಶೇವಿಂಗ್ ಸೋಪು ಎಲ್ಲ ಸೇರಿದ ಇವರ ವಾಸನೆ ಅದರಲ್ಲಿತ್ತು. ಕಲೆ ತೆಗೆಯುವವಳ ಮನೆಯಲ್ಲಿ ಒಗೆಯದೆ ಉಳಿಸಿಕೊಂಡದ್ದು ಅದೊಂದೇ. ನೀವೂ ಆ ಬಾಗಿಲ ಹಿಂದೆ ಒಂದು ಗಳಿಗೆ ನಿಂತು ಬರುತ್ತಿದ್ದಿರಿ. ನಾನು ನೋಡಿಯೂ ನೋಡದವಳಂತೆ ಅಡುಗೆಮನೆಗೆ ಹೋಗುತ್ತಿದ್ದೆ. ಆ ಸಂಜೆ ಅಜ್ಜಿ, ಚುಕ್ಕಿ, ಹವಾಲ್ದಾರ ಮೂರು ಬೆಕ್ಕುಗಳನ್ನೂ ಬಾಯಿಗೆ ಬಂದಂತೆ ಬೈದೆ. ಮೂರೂ ಮಂಚದ ಕೆಳಗೆ ಸೇರಿದವು. ಆಮೇಲೆ ನಾನೂ ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಮರುದಿನ ಪ್ರಾಣಿವೈದ್ಯೆಯನ್ನು ಮನೆಗೇ ಕರೆಸಿದೆ. ಮೆಲುದನಿಯ ಹೆಂಗಸು, ಬಂದವರೇ ನೆಲದ ಮೇಲೆ ಕೂತುಬಿಟ್ಟರು. ಮರಳಿನ ಟ್ರೇ ಎಲ್ಲಿ ಎಂದು ಕೇಳಿದರು. ಬಚ್ಚಲಮನೆಯಲ್ಲಿ ಬಟ್ಟೆ ಒಗೆಯುವ ಮೆಷಿನ್ ಪಕ್ಕ ಸಾಲಾಗಿ ಇಟ್ಟ ಮೂರನ್ನು ತೋರಿಸಿದೆ, ತಲೆಗೊಂದು ಇದೆಯಲ್ಲ ಎಂಬ ಜಂಬದಿಂದಲೇ. "ಒಂದೇ ಜಾಗದಲ್ಲಿ ಮೂರಿಟ್ರೆ ಬೆಕ್ಕಿಗೆ ಅದು ಒಂದೇ ಕಕ್ಕಸು ಕಣ್ರಿ. ಅದೂ ಮೆಷಿನ್ ಗಡಗಡ ಅನ್ನೋ ಕಡೆ. ಅಲ್ಲಿಗೆ ಹೋಗೋ ದಾರೀಲಿ ಯಾರಾದ್ರೂ ಕೂತ್ಕೋತಾರಾ?" ಅಂದರು. ನಾನು ಹಾಲಿಗೂ ಬಚ್ಚಲಿಗೂ ನಡುವಿನ ಓಣಿಯ ಕಡೆ ಕೈ ತೋರಿಸಿದೆ. ಹವಾಲ್ದಾರ ಅಲ್ಲೇ ಇದ್ದ. ಇವರು ಯಾವುದೋ ಕಟ್ಟಡದ ಲಿಫ್ಟ್ ಕೋಣೆಯಿಂದ ಇದೇ ಜಾಕೆಟ್ಟಿನೊಳಗೆ ಬಚ್ಚಿಟ್ಟುಕೊಂಡು ತಂದ ಮರಿ ಈಗ ಆ ಗಾತ್ರಕ್ಕೆ ಬೆಳೆದು, ಓಣಿಯ ಅಗಲಕ್ಕೂ ಮೈ ಚೆಲ್ಲಿ, ಮುಂಬಾಗಿಲ ಕಡೆ ಮುಖ ಮಾಡಿ ಕೂತಿತ್ತು. ಚುಕ್ಕಿ ಬಚ್ಚಲಿನ ಕಡೆ ಹೊರಟರೆ ಸಾಕು, ಬರಿದೇ ತಿರುಗಿ ನೋಡುತ್ತಿದ್ದ. ಅಷ್ಟಕ್ಕೇ ಚುಕ್ಕಿಯ ಜೀವ ಹಾರಿಹೋಗುತ್ತಿತ್ತು. "ಇವನು ಯಾವಾಗಿಂದ ಹೀಗೆ ಕಾಯ್ತಾ ಕೂತಿದಾನೆ? ಮನೇಲಿ ಏನಾದ್ರೂ ಬದಲಾಯ್ತಾ?" ಎಂದು ಡಾಕ್ಟರು ಕೇಳಿದರು. "ಒಬ್ರು ಕಡಿಮೆ ಆದ್ರು" ಅಂದೆ. ಅವರು ಬರೆಯುವುದನ್ನು ನಿಲ್ಲಿಸಿದರು.

ಅತ್ತೆ, ಇವನು ಕಾಯುತ್ತಾನೆ, ಕಾಯುತ್ತಾನೆ ಎಂದು ನಾವೂ ಹೇಳುತ್ತಿದ್ದೆವಲ್ಲ. ಕಾವಲು ಕಾಯುತ್ತಾನೆ ಅಂದುಕೊಂಡೇ ಹವಾಲ್ದಾರ ಎಂದು ಹೆಸರಿಟ್ಟು ನಕ್ಕದ್ದು. ಅವನು ಇಷ್ಟು ದಿನವೂ ಕಾಯುತ್ತಿದ್ದದ್ದು ಇವರನ್ನು. ಕೆಲಸದಿಂದ ಬರುವ ಹೊತ್ತಿಗೆ ಓಣಿಯ ತುದಿಗೆ ಬಂದು ಕೂರುತ್ತಿದ್ದವನು, ಇವರು ಬಾರದೇ ಹೋದ ಮೇಲೆ ಅಲ್ಲಿಂದ ಏಳುವುದನ್ನೇ ಬಿಟ್ಟ. ಅವನನ್ನು ದಾಟಲಾರದೆ ಚುಕ್ಕಿ ಉಚ್ಚೆ ತಡೆದುಕೊಂಡಿತು. ತಡೆದೂ ತಡೆದೂ, ಹೆದರಿಕೆಯೂ ಸೇರಿ, ಮೂತ್ರಕೋಶ ಊದಿಕೊಂಡಿತು. ಹೇಗೋ ನುಸುಳಿ ಟ್ರೇಗೆ ಹೋದರೂ ಅಲ್ಲಿ ಉರಿ. ಉರಿ ಕೊಡುವುದು ಟ್ರೇ ಎಂದುಕೊಂಡು ಮೆತ್ತಗಿರುವ ಜಾಗ ಹುಡುಕಿತು. ಇದೆಲ್ಲ ತಿಳಿದದ್ದು ಒಂದೊಂದನ್ನೇ ಒಂದೊಂದು ಕೋಣೆಯಲ್ಲಿ ಬೇರೆ ಇಟ್ಟು ನೋಡಿ, ಚುಕ್ಕಿಯ ಉಚ್ಚೆ ಪರೀಕ್ಷೆ ಮಾಡಿಸಿದ ಮೇಲೆ. "ಹಟಕ್ಕೆ ಮಾಡಿದ್ದಲ್ಲ. ಹೆದರಿದಾಗ ಮನೆಯವರ ವಾಸನೆ ಇರೋ ಕಡೆ ಹೋಗ್ತವೆ" ಅಂದರು ಡಾಕ್ಟರು. ಅದಕ್ಕೇ ನಿಮ್ಮ ಹಾಸಿಗೆ. ಅದಕ್ಕೇ ಆ ಜಾಕೆಟ್.

ಈಗ ಮನೆ ನೋಡಿದರೆ ನೀವು ಹಣೆ ಚಚ್ಚಿಕೊಳ್ಳುತ್ತೀರಿ. ಹಾಲಿನಲ್ಲಿ ಸೋಫಾದ ಹಿಂದೆ ಒಂದು ಟ್ರೇ, ಅಡುಗೆಮನೆಯ ಹೊರಗಿನ ಬಾಲ್ಕನಿಯಲ್ಲಿ ಒಂದು, ನಿಮ್ಮ ಕೋಣೆಯ ಕಿಟಕಿಯ ಕೆಳಗೆ ಒಂದು, ಹಳೇ ಜಾಗದಲ್ಲಿ ಇನ್ನೊಂದು. ಬಂದವರು ಎಲ್ಲಿ ಕಾಲಿಡಬೇಕೆಂದು ಕೇಳಿಕೊಂಡೇ ಒಳಗೆ ಬರಬೇಕು. ಮುಚ್ಚಳ ತೆಗೆದುಹಾಕಿದ್ದೇನೆ, ಒಳಗೆ ಕೂತವರಿಗೆ ಯಾರು ಬರುತ್ತಾರೆಂದು ಕಾಣಬೇಕಂತೆ. ಹೂವಿನ ಪರಿಮಳದ ಮರಳು ನಮ್ಮ ಮೂಗಿಗೇ ಹೊರತು ಅವಕ್ಕಲ್ಲವಂತೆ, ಅದೂ ಹೋಯಿತು. ಬೆಳಿಗ್ಗೆ ಸಂಜೆ ಬಾಚಿ ತೆಗೆಯುತ್ತೇನೆ. ಅಜ್ಜಿಗೂ ನಿಮ್ಮ ಹಾಗೇ ಮಂಡಿ ನೋವು. ಅದರ ಟ್ರೇಯ ಒಂದು ಬದಿ ತಗ್ಗಾಗಿ ಕತ್ತರಿಸಿಕೊಟ್ಟಿದ್ದೇನೆ, ಮಹಾರಾಣಿಯ ಹಾಗೆ ನಡೆದು ಹೋಗುತ್ತದೆ. ಚುಕ್ಕಿ ಔಷಧಿಯನ್ನು ನನ್ನ ಮೇಲೆ ಉಗುಳಿ ಉಗುಳಿಯೇ ಗುಣವಾಯಿತು. ಈಗ ಮೂರೂ ಟ್ರೇಯಲ್ಲೇ ಹೋಗುತ್ತವೆ.

ಆದರೆ ವಾಸನೆ ಎಲ್ಲಿ ಉಳಿದರೂ ಮತ್ತೆ ಅಲ್ಲಿಗೇ ಹೋಗುತ್ತವೆ, ಬುಡದಿಂದ ತೆಗೆಯಬೇಕು ಎಂದು ಡಾಕ್ಟರು ಹೇಳಿದ್ದರು. ಬುಡದಿಂದ ತೆಗೆಯುವುದು ಹೇಗೆಂದು ನನಗೆ ಹೇಳಿಕೊಡಬೇಕೇ, ಅದೇ ನನ್ನ ಅನ್ನ. ಕಾಲೊರಸು ಎಸೆದೆ, ನಿಮ್ಮ ಹಾಸಿಗೆಗೆ ಔಷಧಿ ನೀರು ಹಾಕಿ ಒಣಗಿಸಿದೆ. ಜಾಕೆಟ್ ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಮುಟ್ಟದೆ ಇಟ್ಟಿದ್ದೆ. ಕೊನೆಗೆ ಅಂಗಡಿಗೆ ಒಯ್ದೆ. ಅಂಗಡಿಯ ಒಡತಿ ಚೀಲ ಬಿಚ್ಚಿದ್ದೇ ಅರ್ಥ ಮಾಡಿಕೊಂಡು, "ನಾನು ಮಾಡ್ತೀನಿ, ನೀನು ಸ್ವಲ್ಪ ಹೊರಗೆ ಹೋಗಿ ಬಾ" ಅಂದರು. ಬೇಡ ಅಂದೆ. ಕಾಲರಿನ ಒಳಗೆ, ಬೆಕ್ಕಿನದ್ದು ತಾಗದ ಒಂದು ಬೆರಳಗಲ ಜಾಗವಿತ್ತು. ಅಲ್ಲಿಗೆ ಮೂಗಿಟ್ಟು ನಿಂತೆ. ಆಮೇಲೆ ನನ್ನ ಕೈಯಾರೆ ನೆನೆಸಿದೆ, ಉಜ್ಜಿದೆ, ಹಿಂಡಿದೆ. ಇಷ್ಟು ವರ್ಷದಲ್ಲಿ ಅಷ್ಟು ಚೆನ್ನಾಗಿ ನಾನು ಇನ್ನಾವ ಬಟ್ಟೆಯನ್ನೂ ಒಗೆದಿಲ್ಲ. ಒಂದು ಚೂರೂ ಉಳಿಯಲಿಲ್ಲ.

ಮನೆಗೆ ತಂದು ಅದೇ ಮೊಳೆಗೆ ಹಾಕಿದೆ. ಹವಾಲ್ದಾರ ಎದ್ದು ಬಂದ. ಹಿಂಗಾಲಿನ ಮೇಲೆ ನಿಂತು ತೋಳು ಮೂಸಿದ, ಅಂಚು ಮೂಸಿದ. ಆಮೇಲೆ ಯಾರದೋ ಬಟ್ಟೆ ಎನ್ನುವ ಹಾಗೆ ಬಿಟ್ಟು ಹೋದ. ಅವತ್ತಿನಿಂದ ಓಣಿಯಲ್ಲಿ ಕೂರುವುದಿಲ್ಲ. ನಿಮ್ಮ ಕೋಣೆಯಲ್ಲಿ ಅಜ್ಜಿಯ ಬೆನ್ನಿಗೆ ಅಂಟಿಕೊಂಡು ಮಲಗುತ್ತಾನೆ. ದಾರಿ ತೆರವಾಯಿತು, ಡಾಕ್ಟರಿಗೂ ಖುಷಿ. ನಾನು ಮಾತ್ರ ಈಗಲೂ ಆ ಖಾಲಿ ಓಣಿಯಲ್ಲಿ ಅವನನ್ನು ದಾಟುವ ಹಾಗೆ ಕಾಲೆತ್ತಿ ಇಡುತ್ತೇನೆ.

ನಾದಿನಿಗೆ ನನ್ನ ನೆನಪು ಹೇಳಿ. ಮಗುವಿನ ಎರಡು ಕೆನ್ನೆಗೂ ಮುತ್ತು. ಕಾಲುಚೀಲ ಹಾಕಿಕೊಂಡೇ ಮಲಗಿ, ಅಲ್ಲಿ ಚಳಿ ಹೆಚ್ಚು. ಏನು ಬೇಕಾದರೂ ನನ್ನನ್ನು ಕೇಳಲು ಸಂಕೋಚಪಡಬೇಡಿ.

ನಿಮ್ಮ,
ಸೊಸೆ

ತಾ. ಕ.: ಲಕೋಟೆ ಅಂಟಿಸುವ ಮೊದಲು ಒಂದು ಮಾತು. ಹೊರಡುವ ದಿನ ನೀವು ಇವರ ಮಫ್ಲರನ್ನು ನಿಮ್ಮ ಬಟ್ಟೆಗಳ ಅಡಿಯಲ್ಲಿ ಮಡಚಿಟ್ಟದ್ದನ್ನು ನಾನು ನೋಡಿದ್ದೆ. ತಪ್ಪೇನಿಲ್ಲ, ಅದು ನಿಮ್ಮದೇ. ಆದರೆ ಒಗೆಯಬೇಡಿ ಅತ್ತೆ. ಗೊತ್ತಿಲ್ಲದೆ ನಾದಿನಿ ಮೆಷಿನ್ನಿಗೆ ಹಾಕಿಬಿಡದಂತೆ ಹೇಳಿಡಿ. ಇಲ್ಲಿ ಇವರ ವಾಸನೆ ಇರುವಂಥದ್ದು ಇನ್ನೇನೂ ಉಳಿದಿಲ್ಲ. ಬರುವಾಗ ತನ್ನಿ, ಒಂದು ಸಲ ನನ್ನ ಕೈಗೂ ಕೊಡಿ. ಬೇಗ ಬನ್ನಿ. ಈಗಾಗಲೇ ಒಗೆದಿದ್ದರೂ ಪರವಾಗಿಲ್ಲ, ನೀವು ಬನ್ನಿ.