ಹತ್ತನೆಯ ದಿನದ ಮೀಸೆ

ಲಿವರ್‌ಪೂಲ್, ಸಿಡ್ನಿ
ಶನಿವಾರ, 6-3-1993

ಪೂಜ್ಯ ಭಾವನವರಿಗೆ ಭಾಗೀರಥಿ ಮಾಡುವ ನಮಸ್ಕಾರಗಳು.

ನಿಮ್ಮ ಕಣ್ಣು ಈಗ ಹೇಗಿದೆ? ಪೊರೆ ತೆಗೆಸಿ ಇನ್ನೂ ಎರಡು ತಿಂಗಳಾಗಿಲ್ಲ. ಹೋಮದ ಹೊಗೆಯ ಎದುರು ಕೂರಬೇಡಿ ಎಂದು ಡಾಕ್ಟರು ಹೇಳಿದ್ದರೂ ನೀವು ಕೂತೇ ಇರುತ್ತೀರೆಂದು ಗೊತ್ತು. ಅತ್ತೆಯವರ ಮಂಡಿಗೆ ಕಳಿಸಿದ ಮುಲಾಮು ಗುರುದತ್ತ ತಲುಪಿಸಿದನೆ? ಅಕ್ಕನಿಗೆ ಬಿಪಿ ಮಾತ್ರೆ ತಪ್ಪಿಸಬಾರದೆಂದು ನಾನು ಹೇಳಿದೆನೆಂದು ಹೇಳಿ. ನಂಜುಂಡೇಶ್ವರನ ದಯದಿಂದ ನಾವು ಇಲ್ಲಿ ಆರೋಗ್ಯವಾಗಿದ್ದೇವೆ. ಮಗಳು ಮಹತಿಗೆ ಮೆಲ್ಬರ್ನಿನ ಕ್ಲೇಟನ್‌ನಲ್ಲಿ ಓದಿನ ಕೊನೆಯ ವರ್ಷ. ಹಿತ್ತಲಿನಲ್ಲಿ ಹಾಕಿದ ಹೀರೆಬಳ್ಳಿ ಈ ಸಲದ ಬಿಸಿಲಿಗೂ ಹೆದರದೆ ಬೇಲಿ ದಾಟಿ ಪಕ್ಕದ ಮನೆಗೆ ಹೋಗಿದೆ. ಅವರು ಅದನ್ನು ಹಾವಿನ ಕಾಯಿ ಎಂದುಕೊಂಡು ಮುಟ್ಟುವುದಿಲ್ಲ.

ಮದುವೆಯಾದ ಇಪ್ಪತ್ತೆಂಟು ವರ್ಷಗಳಲ್ಲಿ ನಾನು ನಿಮಗೆ ಬೇರೆಯಾಗಿ ಕಾಗದ ಬರೆದದ್ದಿಲ್ಲ. ನಿಮ್ಮ ತಮ್ಮ ಬರೆದುದರ ಕೆಳಗೆ ಎರಡು ಸಾಲು ಗೀಚಿ ಸುಮ್ಮನಾಗುತ್ತಿದ್ದೆ. ಈಗ ನನ್ನ ಅಕ್ಷರ ನೋಡಿ ಏನಾಯಿತೋ ಎಂದು ಗಾಬರಿಯಾಗಬೇಡಿ. ನಾನು ಬರೆಯುತ್ತಿರುವುದು ಇವರಿಗೆ ಗೊತ್ತಿಲ್ಲ. ಹೋದ ತಿಂಗಳು ನೀವು ಬರೆದ ಮೂರು ಸಾಲಿನ ಕಾಗದ ಬಂತು. "ಅಪ್ಪನ ವರ್ಷಾಂತಿಕಕ್ಕೆ ನೀನು ಬರುವುದು ಬೇಡ. ಕಾರ್ಯ ನಾನೊಬ್ಬನೇ ಮಾಡಬಲ್ಲೆ. ನಿನ್ನ ಮೀಸೆ ನಿನಗಿರಲಿ." ಇವರು ಓದಿ ಮಡಿಸಿ ಪಂಚಾಂಗದೊಳಗೆ ಇಟ್ಟರು. ಏನು ಬರೆದಿದ್ದಾರೆ ಎಂದು ಕೇಳಿದರೆ "ಅಣ್ಣ ಚೆನ್ನಾಗಿದಾನಂತೆ" ಎಂದರು. ಏಕಾದಶಿ ನೋಡಲೆಂದು ಪಂಚಾಂಗ ತೆಗೆದಾಗ ನಾನೇ ಓದಿದೆ. ಅದು ತಪ್ಪಾದರೆ ಕ್ಷಮಿಸಿ.

ಗುರುದತ್ತ ನಿಮಗೆ ಒಳ್ಳೆಯ ಮಗ, ನಮ್ಮ ಪಾಲಿಗೂ ಒಳ್ಳೆಯವನೇ, ಆದರೆ ಬಾಯಿ ಸ್ವಲ್ಪ ಸಡಿಲ. ಚಿಕ್ಕಪ್ಪ ಟೀವಿಯಲ್ಲಿ ಬಂದ ಕ್ಯಾಸೆಟ್ಟನ್ನು ಹಜಾರದಲ್ಲಿ ಎಲ್ಲರನ್ನೂ ಕೂರಿಸಿ ತೋರಿಸಿದ್ದಾನೆ. ತೋರಿಸುತ್ತ, "ಇದು ತಾತ ಹೋದ ಎರಡನೇ ವಾರ ತೆಗೆದಿದ್ದು, ನೋಡಿ ಎಷ್ಟು ನಗಿಸ್ತಾರೆ" ಎಂದನಂತೆ. ಆಗ ಪರದೆಯ ಮೇಲೆ ನಿಮ್ಮ ತಮ್ಮ ತುಂಬು ಮೀಸೆ ಹೊತ್ತು, ಹೆಂಡದಂಗಡಿಯಲ್ಲಿ ಕುಣಿದು, ಕುದುರೆ ನೀರು ಕುಡಿಯುವ ತೊಟ್ಟಿಗೆ ಬಿದ್ದು, ಎದ್ದು ಮೀಸೆ ತಿರುವಿದರಂತೆ. ನೀವು ಎದ್ದು ಟೀವಿ ಆರಿಸಿ ಸ್ನಾನಕ್ಕೆ ಹೋದಿರಿ ಎಂದು ಅವನೇ ಫೋನಿನಲ್ಲಿ ಹೇಳಿದ. ನಿಮ್ಮ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಅದಕ್ಕೇ ನಾನು ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಇವರ ಕಸುಬಿನ ಬಗ್ಗೆ ಊರಿನಲ್ಲಿ ಯಾರಿಗೂ ಸರಿಯಾಗಿ ತಿಳಿಯದು, ನನಗೂ ತಿಳಿದದ್ದು ಅಷ್ಟಕ್ಕಷ್ಟೆ. 1986ರಲ್ಲಿ ಇವರು ಇನ್ನೂ ಇಲ್ಲಿಯ ಸ್ಟೇಷನ್ನಿನ ಟಿಕೆಟ್ ಕಿಟಕಿಯಲ್ಲಿ ಕೂರುತ್ತಿದ್ದರು. ಒಬ್ಬಳು ಹೆಂಗಸು ಟಿಕೆಟ್ ತೆಗೆದುಕೊಂಡು, ರೈಲು ಬಂದರೂ ಹತ್ತದೆ, ವಾಪಸ್ ಬಂದು ನಿಮ್ಮ ಮೀಸೆಯನ್ನು ಟೀವಿಯಲ್ಲಿ ತೋರಿಸುತ್ತೇವೆ ಬರುತ್ತೀರಾ ಎಂದು ಕೇಳಿದಳಂತೆ. ಮೊದಲು ಚಹಾಪುಡಿಯ ಜಾಹೀರಾತು, ಆಮೇಲೆ ಹಾಸ್ಯದ ಧಾರಾವಾಹಿಗಳು. ಅವುಗಳಲ್ಲಿ ಏಳು ಸಲ ಡಾಕ್ಟರು, ನಾಲ್ಕು ಸಲ ಟ್ಯಾಕ್ಸಿಯವರು, ಒಂದು ಸಲ ಅಂಗಡಿಯವರಾಗಿ ಕಿತ್ತಳೆಹಣ್ಣಿನ ರಾಶಿಯನ್ನೆಲ್ಲ ಉರುಳಿಸಿದರು. ಹಾವಾಡಿಗನಾಗು ಎಂದಾಗ ಮಾತ್ರ ಸುಬ್ರಹ್ಮಣ್ಯನಿಗೆ ಹೆದರಿ ಒಲ್ಲೆ ಎಂದರು. ಆಮೇಲೆ ಕುದುರೆ, ಬಂದೂಕು, ದೊಡ್ಡ ಟೋಪಿಗಳ ಕಥೆಗಳು ಬಂದವು. ನೂರು ವರ್ಷದ ಹಿಂದೆ ಈ ದೇಶದ ಕಾಡುಬಯಲಿನಲ್ಲಿ ದರೋಡೆಕೋರರು ಇದ್ದರಂತೆ, ಅವರ ಕಥೆ. ಅದರಲ್ಲಿ ಇವರು ಒಮ್ಮೆ ಒಂಟೆ ಹೊಡೆಯುವವನು, ಒಮ್ಮೆ ಅಡಿಗೆಯವನು. ನಾಯಕ ಕುದುರೆ ನಿಲ್ಲಿಸಿದಾಗ ನೀರು ಕೊಡುತ್ತಾರಲ್ಲ, ಅಂಥವರು. ಎರಡು ಕಥೆಗಳಲ್ಲಿ ಗುಂಡು ತಗುಲಿ ಸತ್ತರು. ಆಗ ನಾನು ಮಾಂಗಲ್ಯ ಹಿಡಿದುಕೊಂಡು ಅಡಿಗೆಮನೆಗೆ ಹೋದೆ. ಇವರು ಸೋಫಾದ ಮೇಲೆ ಕಡಲೆಕಾಯಿ ತಿನ್ನುತ್ತ "ಮುಗೀತು, ಬಾರೇ" ಎಂದು ಕೂಗಿದರು. ಮಾವನವರು ಇದನ್ನೆಲ್ಲ ಕೇಳಿ, "ವೇಷ ಯಾವುದಾದರೂ ಹಾಕು, ಸಂಧ್ಯಾವಂದನೆ ಬಿಡಬೇಡ" ಎಂದು ಬರೆದಿದ್ದರು. ಇವರು ಬಿಟ್ಟಿಲ್ಲ. ವ್ಯಾನಿನಲ್ಲಿ ಕೂತಾದರೂ ಮಾಡುತ್ತಾರೆ.

ಹೋದ ವರ್ಷ ಚೈತ್ರದಲ್ಲಿ ಮೊದಲ ಸಲ ಇವರಿಗೆ ದೊಡ್ಡ ಪಾತ್ರ ಸಿಕ್ಕಿತು. ಮುಂಡಾಸು ಕಟ್ಟಿ, ಗಾಡಿಯಲ್ಲಿ ಬಟ್ಟೆ ಸೂಜಿ ದಾರ ತುಂಬಿಕೊಂಡು ಹಟ್ಟಿಯಿಂದ ಹಟ್ಟಿಗೆ ಮಾರುವವನ ಪಾತ್ರ. ಮೆಲ್ಬರ್ನಿನಿಂದ ಎರಡು ಗಂಟೆಯ ದಾರಿಯ ಬಯಲಿನಲ್ಲಿ ತೆಗೆಯುತ್ತಿದ್ದರು. ಇವರು ಮಹತಿಯ ಜೊತೆ ಕ್ಲೇಟನ್‌ನಲ್ಲಿ ಉಳಿದುಕೊಂಡಿದ್ದರು. ಆಗಲೇ ನಿಮ್ಮ ಫೋನು ನಮ್ಮ ಮನೆಗೆ ಬಂದದ್ದು. ಮಾವನವರು ಇನ್ನಿಲ್ಲ ಎಂದು ನಾನು ಮಹತಿಗೆ ಹೇಳಿ, ರಾತ್ರಿಯ ಬಸ್ಸು ಹಿಡಿದು ಹೋದೆ. ನೀವು ಅಲ್ಲಿ ಕರ್ತೃಗಳು, ಕಾರ್ಯ ನಿಂತಿರಲಿಲ್ಲ. ಇಲ್ಲಿ ಇವರು ಹತ್ತನೆಯ ದಿನ ತಲೆ ಮೀಸೆ ತೆಗೆಸಿ ತಿಲೋದಕ ಕೊಡಬೇಕಿತ್ತು. ತೊಡಕಾದದ್ದು ಅಲ್ಲಿ.

ಟೀವಿಯವರು ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಸಾಲಾಗಿ ತೆಗೆಯುವುದಿಲ್ಲ. ಇವರು ಹೆಂಡದಂಗಡಿಯ ಬಾಗಿಲು ತಳ್ಳುವುದನ್ನು ಮಾವನವರು ಹೋಗುವ ಮುಂಚೆಯೇ ತೆಗೆದಿದ್ದರು. ಒಳಗೆ ಕಾಲಿಡುವುದನ್ನು ತೆಗೆಯಬೇಕಿದ್ದದ್ದು ಎರಡು ವಾರದ ಮೇಲೆ. ಬಾಗಿಲ ಹೊರಗೆ ಮೀಸೆ ಇದ್ದವನಿಗೆ ಒಳಗೆ ಬರುವಷ್ಟರಲ್ಲಿ ಮೀಸೆ ಇಲ್ಲದಿದ್ದರೆ ನೋಡುವವರು ಏನೆಂದುಕೊಂಡಾರು. ತಲೆಯೇನೋ ಮುಂಡಾಸಿನೊಳಗೆ ಮುಚ್ಚಿಹೋಗುತ್ತದೆ, ಮೀಸೆ ಎಲ್ಲಿ ಮುಚ್ಚುವುದು? ಕಂಪನಿಯವನು ಬಂದು, ಇನ್ನೆರಡು ವಾರ ತಡೆಯಿರಿ, ಆಮೇಲೆ ನಾವೇ ಬೋಳಿಸಿ ಕೊಡುತ್ತೇವೆ ಎಂದ. ಇವರು, "ನನಗೆ ಇದ್ದದ್ದು ಒಬ್ಬರೇ ತಂದೆ, ಹತ್ತನೆಯ ದಿನವೂ ಒಂದೇ. ಬೇರೆಯವರನ್ನು ಹುಡುಕಿಕೊಳ್ಳಿ" ಎಂದರು. ನಾನು ಅಲ್ಲೇ ಕಾಫಿ ಲೋಟ ಹಿಡಿದು ನಿಂತಿದ್ದೆ ಭಾವನವರೇ. ಇವರ ದನಿ ಒಂದಿಷ್ಟೂ ಏರಲಿಲ್ಲ. ಆರು ವರ್ಷ ಕಾದು ಸಿಕ್ಕಿದ ಪಾತ್ರ ಅದು.

ಹತ್ತನೆಯ ದಿನ ಬೆಳಿಗ್ಗೆ ಕ್ಲೇಟನ್‌ನ ಇಟಲಿಯ ಕ್ಷೌರಿಕನ ಅಂಗಡಿಗೆ ಹೋದೆವು. ಅವನು ತಲೆ ಬೋಳಿಸಿ, ಮೀಸೆಗೆ ಬಂದವನು ಕತ್ತಿ ಕೆಳಗಿಟ್ಟ. "ಇಂಥದ್ದನ್ನ ತೆಗೆದರೆ ನನ್ನ ಕೈ ಉಳಿಯಲ್ಲ, ಇನ್ನೊಂದ್ಸಲ ಯೋಚನೆ ಮಾಡಿ" ಎಂದನೆಂದು ಮಹತಿ ಕನ್ನಡದಲ್ಲಿ ಹೇಳಿದಳು. ಅಷ್ಟರಲ್ಲಿ ಕಂಪನಿಯಲ್ಲಿ ಬಣ್ಣ ಹಚ್ಚುವ ಡೋರೀನ್ ಎಂಬಾಕೆ ಓಡಿಬಂದಳು. ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು, ಮಂಡಿಗೆ ಪಟ್ಟಿ ಕಟ್ಟಿಕೊಂಡಿದ್ದಳು. ಇದೇ ಕೂದಲಿನಿಂದ ಅಂಟುಮೀಸೆ ಮಾಡಿಕೊಟ್ಟರೆ ಕಂಪನಿಯವರು ಒಪ್ಪುತ್ತಾರೆ ಎಂದು ಹೇಳಿ, ಕ್ಷೌರಿಕನ ಕತ್ತರಿ ತೆಗೆದುಕೊಂಡು, ಮೀಸೆಯನ್ನು ಎಳೆ ಎಳೆಯಾಗಿ ಕತ್ತರಿಸಿ ಕಾಗದದ ಮೇಲೆ ಸಾಲಾಗಿ ಜೋಡಿಸಿದಳು. ಉಳಿದದ್ದನ್ನು ಅವನು ನುಣ್ಣಗೆ ಬೋಳಿಸಿದ. ನೆಲಕ್ಕೆ ಬಿದ್ದ ಕೂದಲನ್ನೂ ಆಕೆ ಮಂಡಿಯೂರಿ ಆರಿಸಿದಳು. ಅಂಗಡಿಯಲ್ಲಿ ಸಿಗುವ ಮೀಸೆಯೆಲ್ಲ ಒಂದೇ ಬಣ್ಣವಂತೆ, ಇವರದು ಕಪ್ಪು, ಬಿಳಿ, ನಡುವೆ ತಾಮ್ರ. "ನಮ್ಮಮ್ಮ ತೀರಿಕೊಂಡಾಗ ನನಗೂ ರಜ ಕೊಡಲಿಲ್ಲ ಕಣಮ್ಮ. ನಿಮ್ಮವರು ಕೇಳಿಯಾದರೂ ಕೇಳಿದರು" ಎಂದು ನನ್ನ ಮುಖ ನೋಡಿ ಹೇಳಿದಳು.

ಕ್ಲೇಟನ್‌ನ ಯೂನಿವರ್ಸಿಟಿಯಲ್ಲಿ ಕೆಲಸ ಮಾಡುವ ಗೋಪೀನಾಥರಿಗೆ ಪೌರೋಹಿತ್ಯವೂ ಬರುತ್ತದೆ. ಅವರು ಹಿತ್ತಲಿನ ನಲ್ಲಿಯ ಹತ್ತಿರ ತಿಲೋದಕ ಕೊಡಿಸಿದರು. ಚಳಿಗೆ ಇವರ ಹಲ್ಲು ಕಟಕಟ ಎನ್ನುತ್ತಿತ್ತು, ಮಂತ್ರ ಮಾತ್ರ ತಪ್ಪಲಿಲ್ಲ. ಡೋರೀನ್ ಎರಡು ದಿನ ಕೂತು ಆ ಕೂದಲನ್ನು ಒಂದೊಂದಾಗಿ ಸಣ್ಣ ಜಾಲರಿಗೆ ಗಂಟು ಹಾಕಿ, ಹಳೆಯ ಮೀಸೆಯನ್ನೇ ಹೊಸದಾಗಿ ಮಾಡಿದಳು. ಸೂತಕ ಕಳೆದ ಮೇಲೆ ದಿನ ಬೆಳಿಗ್ಗೆ ಅಂಟು ಹಾಕಿ ಇವರ ಮುಖಕ್ಕೆ ಕೂರಿಸುವಳು, ಸಂಜೆ ಕೀಳುವಳು. ಅಂಟು ಕಲಸುವಾಗ ಒಂದು ಸಲ ಅದನ್ನು ನನ್ನ ಅಂಗೈಯಲ್ಲಿ ಇಟ್ಟಳು. ಸ್ನಾನ ಮಾಡಬೇಕೋ ಬೇಡವೋ ತಿಳಿಯಲಿಲ್ಲ. ಮಾಡಿದೆ.

ನೀವು ನೋಡಿದ ತೊಟ್ಟಿಯ ದೃಶ್ಯ ತೆಗೆದಾಗ ನಾನು ಬೇಲಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದೆ. ಬಿದ್ದ ಪೆಟ್ಟಿಗೆ, ನೀರಿಗೆ, ಅಂಟು ಬಿಟ್ಟು ಮೀಸೆಯ ಎಡಗಡೆ ತೂಗಾಡತೊಡಗಿತು. ಇವರು ಕೈಯೆತ್ತಿ ಅದನ್ನು ಒತ್ತಿಕೊಂಡರು. ಅಲ್ಲಿದ್ದವರೆಲ್ಲ ನಕ್ಕರು, ಅದೇ ಚೆನ್ನಾಗಿದೆ ಎಂದು ಹಾಗೇ ಇಟ್ಟುಕೊಂಡರು. ನೀವು ತಂದೆಗೆ ಬೋಳಿಸದ ಮೀಸೆಯನ್ನು ತಿರುವುತ್ತಿದ್ದಾನೆ ಎಂದುಕೊಂಡಿರಿ. ತಿರುವಿದ್ದಲ್ಲ ಭಾವನವರೇ, ಉದುರದಂತೆ ಹಿಡಿದುಕೊಂಡದ್ದು.

ಇದನ್ನು ನಿಮಗೆ ಯಾಕೆ ಹೇಳಲಿಲ್ಲ ಎಂದರೆ ಇವರು, "ಅಣ್ಣ ಕಣ್ಣಾರೆ ನೋಡಿದಾನೆ. ನಾನು ಏನು ಹೇಳಿದರೂ ನೆಪ ಆಗುತ್ತೆ" ಎನ್ನುತ್ತಾರೆ. ಇವರಿಗೇ ಒಳಗೆ ಅನುಮಾನ ಇದೆ. ನನಗೂ ಇದೆ, ನಿಮ್ಮ ಮುಂದೆ ಮುಚ್ಚಿಡುವುದಿಲ್ಲ. ಮೀಸೆ ಹೋದದ್ದು ಮಾವನವರಿಗಾಗಿ, ಬಂದದ್ದು ಹೊಟ್ಟೆಪಾಡಿಗಾಗಿ, ಕೂದಲು ಮಾತ್ರ ಅದೇ. ಹಾಗಾದರೆ ಬೋಳಿಸಿದ ಹಾಗಾಯಿತೋ ಇಲ್ಲವೋ? ಗೋಪೀನಾಥರನ್ನು ಕೇಳಿದೆ. "ಅಮ್ಮಾ, ಶಾಸ್ತ್ರದಲ್ಲಿ ಕೂದಲು ತೆಗೀಬೇಕು ಅಂತಿದೆ. ಅದು ವಾಪಸ್ ಬಂದ್ರೆ ಏನ್ಮಾಡಬೇಕು ಅಂತ ಯಾರೂ ಬರೆದಿಲ್ಲ" ಎಂದರು. ದೇವಸ್ಥಾನದಲ್ಲಿ ಸಿಕ್ಕ ತುಂಗಮ್ಮನವರು, "ಸಾವಿನ ಕೂದಲು ಮುಖಕ್ಕೆ ಮೆತ್ತಿಕೊಂಡು ಕುಣಿದ್ರಾ? ನೀನಾದ್ರೂ ಬುದ್ಧಿ ಹೇಳಬಾರದಿತ್ತೇನೆ" ಎಂದು ನನ್ನ ಕೈಯಲ್ಲಿದ್ದ ಪ್ರಸಾದದ ತಟ್ಟೆಯನ್ನು ತಾವೇ ಇಸಕೊಂಡರು. ಮಹತಿಯನ್ನು ಕೇಳಿದರೆ "ಅಮ್ಮಾ, ಹಿ ಶೇವ್ಡ್. ದಟ್ಸ್ ಇಟ್" ಎನ್ನುತ್ತಾಳೆ. ದೇವರ ಮುಂದೆ ಕೂತು ಕೇಳಿದರೆ ದೀಪ ಸುಮ್ಮನೆ ಉರಿಯುತ್ತದೆ. ಕೊನೆಯ ದಿನ ಡೋರೀನ್ ಆ ಮೀಸೆಯನ್ನು ಪೊಟ್ಟಣ ಕಟ್ಟಿ ಕೊಟ್ಟಳು. ಇವರು ಅದನ್ನು ಸಮುದ್ರಕ್ಕೆ ಬಿಟ್ಟು, ಅಲ್ಲೇ ಮುಳುಗಿ ಬಂದು ನಾಲ್ಕು ದಿನ ಜ್ವರದಲ್ಲಿ ಮಲಗಿದರು. ಇಷ್ಟರಿಂದ ಸರಿಯಾಯಿತೇ, ಅದೂ ತಿಳಿಯದು.

ಆಮೇಲೆ ಇವರು ಮೀಸೆ ಬಿಟ್ಟಿಲ್ಲ. ಇವರಿಗೆ ಪಾತ್ರ ಕೊಡಿಸುವ, ಚಾಟ್ಸ್‌ವುಡ್‌ನಲ್ಲಿರುವ ಏಜೆಂಟ್ ಹೆಂಗಸು ಹದಿನೈದು ದಿನಕ್ಕೊಮ್ಮೆ ಫೋನು ಮಾಡಿ, ಮೀಸೆ ಬಂತೇ ಎಂದು ಕೇಳುತ್ತಾಳೆ, ಯಾರದೋ ಮನೆಯಲ್ಲಿ ಕೂಸು ಹುಟ್ಟಿತೇ ಎಂದು ಕೇಳುವ ಹಾಗೆ. ಇವರು ಇನ್ನೂ ಇಲ್ಲ ಎನ್ನುತ್ತಾರೆ. ಮೀಸೆಯಿಲ್ಲದ ಮುಖ ಯಾರಿಗೂ ಬೇಡವಂತೆ. ಎರಡು ಹಾಸ್ಯದ ಧಾರಾವಾಹಿ, ಒಂದು ಕುದುರೆ ಕಥೆ ಬೇರೆಯವರಿಗೆ ಹೋದವು. ಯಾಕೆ ಹೀಗೆ ಎಂದು ನಾನು ಒಂದೇ ಸಲ ಕೇಳಿದ್ದು. "ಅಣ್ಣನ ಪಕ್ಕ ಕೂತು ಅಪ್ಪನಿಗೆ ಪಿಂಡ ಹಾಕಿದ ಮೇಲೆ ನೋಡೋಣ" ಎಂದರು. ಅದಾದ ಮೇಲೆ ನಿಮ್ಮ ಕಾಗದ ಬಂತು.

ಶಾಸ್ತ್ರ ನಿಮಗೆ ಗೊತ್ತು, ನನಗೆ ಗೊತ್ತಿರುವುದು ಹಳ್ಳಿಯ ಶಾಲೆಯ ಏಳನೆಯ ಕ್ಲಾಸು. ಲೋಪವಾಗಿದ್ದರೆ ಪ್ರಾಯಶ್ಚಿತ್ತ ಹೇಳಿ, ಎಷ್ಟು ಕಠಿಣವಿದ್ದರೂ ಮಾಡುತ್ತಾರೆ, ಜೊತೆಗೆ ನಾನೂ ಮಾಡುತ್ತೇನೆ. ಬರಬೇಡ ಎಂದು ಮಾತ್ರ ಹೇಳಬೇಡಿ. ಅತ್ತೆಯವರಿಗೆ ನನ್ನ ನಮಸ್ಕಾರ. ಅಕ್ಕನಿಗೂ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಮಹತಿ ನಿಮ್ಮೆಲ್ಲರಿಗೂ ನಮಸ್ಕಾರ ತಿಳಿಸಿದ್ದಾಳೆ. ದೇವರ ಮನೆಯಲ್ಲಿ ನಮ್ಮ ಹೆಸರು ಹೇಳಿ ಒಂದು ಹೂವು ಏರಿಸಿ.

ಇಂತು ನಿಮ್ಮ ತಂಗಿ ಸಮಾನಳಾದ
ಭಾಗೀರಥಿ

ತಾ.ಕ.: ಸೋಮವಾರ ಕವರು ಅಂಟಿಸುವಷ್ಟರಲ್ಲಿ ಟಪಾಲಿನವನು ಬಂದು ಹೋದ. ಇವರ ಹೆಸರಿಗೆ ವಿಮಾನದ ಟಿಕೆಟ್ ಬಂದಿದೆ, ಏಪ್ರಿಲ್ ಎಂಟಕ್ಕೆ ಊರು ಸೇರುತ್ತಾರೆ. ನನಗೂ ಹೇಳಿರಲಿಲ್ಲ. ಕೇಳಿದರೆ, "ಒಳಗೆ ಕರೆದರೆ ಕೂರುತ್ತೇನೆ. ಇಲ್ಲದಿದ್ದರೆ ಕಪಿಲೆಯಲ್ಲಿ ಮುಳುಗಿ, ಬೀದಿಯಿಂದಲೇ ಮನೆಗೆ ಕೈಮುಗಿದು ಬರುತ್ತೇನೆ" ಎಂದರು. ಒಂದು ಮಾತು, ನೀವು ಏನೇ ತೀರ್ಮಾನ ಮಾಡಿದರೂ ಇದನ್ನು ಮರೆಯಬೇಡಿ. ಈ ವರ್ಷ ಇವರ ಮೈ ಇಳಿದು, ಇರುವಷ್ಟು ಕೂದಲೂ ಬೆಳ್ಳಗಾಗಿ, ಮೀಸೆಯಿಲ್ಲದ ಮುಖ ಅಚ್ಚು ಮಾವನವರದೇ ಆಗಿಬಿಟ್ಟಿದೆ. ರಜೆಗೆ ಬಂದ ಮಹತಿ ಬಾಗಿಲು ತೆಗೆದವರನ್ನು ನೋಡಿ "ತಾತ" ಎಂದು ಬ್ಯಾಗು ಕೈಬಿಟ್ಟಳು. ಅತ್ತೆಯವರಿಗೆ ಎಂಬತ್ತು ದಾಟಿದೆ, ದೃಷ್ಟಿಯೂ ಮಂದ. ಎಂಟನೆಯ ತಾರೀಖು ಅವರೊಬ್ಬರನ್ನೇ ಜಗಲಿಯಲ್ಲಿ ಕೂರಿಸಬೇಡಿ. ನೀವೇ ಪಕ್ಕದಲ್ಲಿದ್ದು, ಬರುತ್ತಿರುವುದು ಮಗ ಎಂದು ಮೊದಲೇ ಹೇಳಿ.